ಮೀಸೆಯ ಹಿಂದಿನ ಹಲ್ಲು

ಅಳತೆ ಗೊತ್ತಿದ್ದವನಿಗೆ ಎಲ್ಲವೂ ಗೊತ್ತು ಎಂದು ನಂಬಿ ಇಷ್ಟು ವರ್ಷ ಬದುಕಿದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ, ಪೀಣ್ಯದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತರೆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಿನಲ್ಲೇ ಸವರಿ ಹೇಳುತ್ತೇನೆ. ಮಾದನಾಯಕನಹಳ್ಳಿಯಲ್ಲಿ ಮನೆ ಕಟ್ಟಿದಾಗ ಬೋರ್‌ವೆಲ್ ಕೊರೆಸಿದ್ದೂ ನಾನೇ ನಿಂತು. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದವರನ್ನು ಕಂಡರೆ ಬೈಕ್ ನಿಧಾನ ಮಾಡಿ, 'ಏನ್ ಗುರು, ಸ್ವಂತ ನೀರಿಲ್ವಾ?' ಎಂದು ಕೇಳುವುದು ನನ್ನ ದಿನನಿತ್ಯದ ಸಂತೋಷವಾಗಿತ್ತು.

ಹೀಗಿರುವಾಗ ನಮ್ಮ ಎಂಟು ವರ್ಷದ ಮಗಳು ಚಿನ್ನಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಬಂದದ್ದೇನೋ ಸರಿ, ಅವುಗಳ ಮೈಮೇಲೆ ಸುಣ್ಣದಂಥ ಬಿಳಿ ಗೀರು, ಅಲ್ಲಲ್ಲಿ ಕಂದು ಕಲೆ. ತುಕ್ಕು ಕಂಡರೆ ಉಜ್ಜು ಎನ್ನುವುದು ನಮ್ಮ ಕಸುಬಿನ ಧರ್ಮ. ದಿನಾ ಬೆಳಿಗ್ಗೆ ಬ್ರಶ್ಶಿನ ತುಂಬ ಪೇಸ್ಟ್ ಹಾಕಿ ಕಾವಲು ನಿಂತೆ. 'ಸರಿಯಾಗ್ ಉಜ್ಜೇ, ಸೋಮಾರಿ!' ಎನ್ನುತ್ತಿದ್ದೆ. 'ರೀ, ವಸಡಲ್ಲಿ ರಕ್ತ ಬರ್ತಿದೆ, ಬಿಡ್ರೀ' ಎಂದು ಹೆಂಡತಿ ಸುಶೀಲಾ ಗದರಿದಳು. ಕಲೆ ಹಾಗೇ ಉಳಿಯಿತು, ಚಿನ್ನಿಯ ನಗು ಹೋಯಿತು. ನಗು ಬಂದರೆ ಬಾಯಿಗೆ ಅಂಗೈ ಅಡ್ಡ ಇಡುವುದನ್ನು ಕಲಿತಳು.

ಶಾಲೆಗೆ ಹಲ್ಲಿನ ತಪಾಸಣೆಗೆ ಬಂದ ಡಾಕ್ಟರಮ್ಮ ನನ್ನನ್ನು ಕರೆಸಿದರು. 'ಇದು ಕೊಳೆಯಲ್ಲ ಅಣ್ಣ. ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರ್ಬೇಕು, ಟೆಸ್ಟ್ ಮಾಡ್ಸಿ. ಸ್ವಲ್ಪ ಇದ್ರೆ ಹಲ್ಲಿಗೆ ಒಳ್ಳೇದು, ಹುಳುಕು ತಡೆಯುತ್ತೆ. ಹೆಚ್ಚಾದ್ರೆ, ಹಲ್ಲು ಒಳಗೆ ಬೆಳೆಯೋವಾಗ್ಲೇ ಕಲೆ ಕೂತ್ಕೊಳುತ್ತೆ. ಉಜ್ಜಿದ್ರೆ ಹೋಗಲ್ಲ.'

'ಕುದಿಸ್ಕೊಂಡೇ ಕುಡಿಯೋದು ಮೇಡಂ.'

'ಕುದಿಸಿದ್ರೂ ಹೋಗಲ್ಲ.'

ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು. ಲೇತಿನವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಊರ ಕಬ್ಬಿಣವನ್ನೆಲ್ಲ ಅಳೆದವನು ಮಗಳು ಕುಡಿಯುವ ನೀರನ್ನು ಅಳೆಸಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಡಾಕ್ಟರಮ್ಮನ ಮಾತೇ ನಿಜವಾಯಿತು. ಮಾರನೆಯ ದಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತೆ. 'ಏನ್ ಗುರು, ಸ್ವಂತ ನೀರಿಲ್ವಾ?' ಎಂದು ನಾಲ್ಕು ಜನ ಒಟ್ಟಿಗೆ ಕೇಳಿದರು.

ಮನೆಗೆ ಬಂದು ಚಿನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, 'ತಪ್ಪು ನಿಂದಲ್ಲ ಕಣಮ್ಮ' ಎಂದೆ. ಅವಳು ನನ್ನ ದಪ್ಪ ಮೀಸೆಯನ್ನು ಎರಡು ಬೆರಳಲ್ಲಿ ಎತ್ತಿ ಇಣುಕಿದಳು. ಹುಟ್ಟೂರಿನ ಬೋರ್ ನೀರು ಕುಡಿದು ಬೆಳೆದ ನನ್ನ ಕಲೆಯ ಹಲ್ಲುಗಳು ಅಲ್ಲಿ ಮದುವೆಗೆ ಮುಂಚಿನಿಂದ ಅಡಗಿ ಕುಳಿತಿದ್ದವು.

'ಅಪ್ಪಾ, ನಿಂದೂ ಹಿಂಗೇ ಇದೆ! ತಾತ ನಿಂಗೂ ಬೈತಿದ್ರಾ?'

'ಹೂಂ. ಬೇವಿನಕಡ್ಡಿ ಮುರಿಯೋವರ್ಗೂ ಉಜ್ಜಿಸ್ತಿದ್ರು.'

ನಾನು ಸೋಮಾರಿಯೆಂದು ಅಪ್ಪ ಹೇಳಿದ್ದನ್ನು ಇಷ್ಟು ವರ್ಷ ನಂಬಿಕೊಂಡೇ ಇದ್ದೆ. ಭಾನುವಾರ ಮೀಸೆ ಸಣ್ಣ ಮಾಡಿಸಿಕೊಂಡು ಬಂದೆ. 'ಅಯ್ಯೋ, ಗತ್ತೆಲ್ಲ ಹೋಯ್ತಲ್ರೀ!' ಎಂದಳು ಸುಶೀಲಾ. ನನಗೆ ನಗು ಬಂತು. ಮೀಸೆ ಮೊಳೆಯುವ ಮುಂಚಿನ ಅಭ್ಯಾಸ ನೋಡಿ, ಅಂಗೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು. ಚಿನ್ನಿ ಬಂದು ಅದನ್ನು ಹಿಡಿದು ಕೆಳಗಿಳಿಸಿದಳು.