ಮೊಬೈಲಿನ ಹೊಲಕ್ಕೆ ಮುಯ್ಯಾಳು

ಒಂದು ವಿಷಯದ ಬಗ್ಗೆ ಗಟ್ಟಿಯಾದ ಅಭಿಪ್ರಾಯ ಇರಬೇಕಾದರೆ ಆ ವಿಷಯ ಆದಷ್ಟು ಕಡಿಮೆ ಗೊತ್ತಿರಬೇಕು. ಇದು ನನ್ನ ಬಹುಕಾಲದ ಅನುಭವ. ರಾಗಿಯ ಬಗ್ಗೆ ಯಾರಾದರೂ ಕೇಳಿದರೆ ‘ಮಳೆ ನೋಡಬೇಕು, ಮಣ್ಣು ನೋಡಬೇಕು’ ಎಂದು ತಡವರಿಸುತ್ತೇನೆ, ಏಕೆಂದರೆ ಹುಟ್ಟಿದಾಗಿನಿಂದ ಅದನ್ನು ಬೆಳೆಯುವುದನ್ನು ಕಂಡಿದ್ದೇನೆ. ವಿಡಿಯೋ ಗೇಮಿನ ವಿಷಯದಲ್ಲಿ ಮಾತ್ರ ನನಗೆ ತಡವರಿಕೆಯೇ ಇರಲಿಲ್ಲ. ಅದು ಕೆಲಸವಿಲ್ಲದವರ ಕೆಲಸ, ಕಣ್ಣಿಗೆ ಕೇಡು, ಬುದ್ಧಿಗೆ ಮಂಕು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಹಾಗೆ ಹೇಳುತ್ತಿದ್ದ ನಾನು ಜೀವಮಾನದಲ್ಲಿ ಒಂದು ಗೇಮನ್ನೂ ಆಡಿರಲಿಲ್ಲ.

ನಾನು ಸಾಸಲು ಹೋಬಳಿಯ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ನಮ್ಮಲ್ಲಿ ಬೆಳಗ್ಗೆ ಹಾಲು ಹಾಕಿದವರು ನೇರ ಮನೆಗೆ ಹೋಗುವುದಿಲ್ಲ. ಖಾಲಿ ಕ್ಯಾನನ್ನು ಪಕ್ಕಕ್ಕಿಟ್ಟು ಡೈರಿ ಜಗಲಿಯ ಮೇಲೆ ಕೂತು ದೇಶವನ್ನು ಒಂದು ಸುತ್ತು ಸರಿಮಾಡಿಯೇ ಏಳುವುದು. ಅಲ್ಲಿ ಗೇಮಿನ ಮಾತು ಬಂದಾಗಲೆಲ್ಲ ವಿರೋಧ ಪಕ್ಷದ ನಾಯಕ ನಾನೇ. ‘ಈಗ ಅದೂ ಒಂದು ಆಟ ಅಂತೆ, ಕಪ್ಪು ಕೊಡ್ತಾರಂತೆ ಕಣಪ್ಪ’ ಎಂದು ಗೆಳೆಯ ಚಿಕ್ಕಣ್ಣ ಒಮ್ಮೆ ಹೇಳಿದ್ದಕ್ಕೆ, ‘ಬೆರಳು ಆಡಿಸೋದು ಆಟ ಆದ್ರೆ ನಾನು ಹಾಲು ಕರೆಯೋಕೂ ಕಪ್ಪು ಕೊಡ್ಲಿ’ ಎಂದು ಬಾಯಿ ಮುಚ್ಚಿಸಿದ್ದೆ. ಗೇಮ್ ಮಾಡುವ ಕಂಪನಿಗಳನ್ನಂತೂ ಬಿಡುತ್ತಲೇ ಇರಲಿಲ್ಲ. ಇವತ್ತು ಬಂದರೆ ಒಂದು ಬಹುಮಾನ, ನಾಳೆಯೂ ಬಂದರೆ ಇನ್ನೊಂದು ಎಂದು ಹುಲ್ಲು ತೋರಿಸಿ ಕರುವನ್ನು ಎಳೆದುಕೊಂಡು ಹೋಗುವ ಹಾಗೆ ಮಕ್ಕಳನ್ನು ಎಳೆಯುತ್ತಾರೆ ಎಂದು ಭಾಷಣ ಮಾಡುತ್ತಿದ್ದೆ. ಈ ಒಂದು ಮಾತನ್ನು ನಾನು ಇವತ್ತಿಗೂ ವಾಪಸು ತೆಗೆದುಕೊಂಡಿಲ್ಲ.

ಇಂಥ ನನ್ನ ಮನೆಯಲ್ಲೇ, ಇಂಜಿನಿಯರಿಂಗ್ ಮುಗಿಸಿದ ಮಗಳು ಚೈತ್ರ ಒಂದು ಸಂಜೆ ಬಂದು, ದೇವನಹಳ್ಳಿ ರಸ್ತೆಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಸೋಮವಾರದಿಂದ ಬರಲು ಹೇಳಿದ್ದಾರೆ ಎಂದಳು. ಏನು ಕೆಲಸ ಎಂದೆ. ಗೇಮ್ ಮಾಡುವುದು ಎಂದಳು. ಮುರಿದ ಮುದ್ದೆಯನ್ನು ತಟ್ಟೆಗೇ ವಾಪಸು ಇಟ್ಟೆ.

‘ಅದೂ ಒಂದು ಕೆಲ್ಸಾನೇನಮ್ಮ? ನಾಳೆ ನೆಂಟ್ರು ಕೇಳಿದ್ರೆ ಯಾವ ಮುಖ ಇಟ್ಕೊಂಡು ಹೇಳ್ಲಿ?’

‘ಇದೇ ಮುಖ ಇಟ್ಕೊಂಡು ಹೇಳಪ್ಪಾ. ನಿಮ್ಮ ಜಗಲೀಲಿ ಚೌಕಾಬಾರ ಆಡ್ತೀರಲ್ಲ, ಅದೇನು ವೇದನಾ?’

ಚೌಕಾಬಾರ ಬುದ್ಧಿ ಬೆಳೆಸುತ್ತದೆ, ಸ್ನೇಹ ಬೆಳೆಸುತ್ತದೆ ಎಂದು ನಾನು ಶುರುಮಾಡಿದೆ. ಒಳಗಿನಿಂದ ನನ್ನ ಹೆಂಡತಿ ಸರೋಜ, ‘ಹೌದೌದು, ಮಾವ ಬೆಳೆಸ್ಲಿಲ್ವಾ ಸ್ನೇಹಾನ’ ಎಂದಳು. ನಮ್ಮ ತಂದೆ ಮತ್ತು ಪಕ್ಕದ ಮನೆಯ ಹಿರಿಯರು, ಒಂದು ಕವಡೆ ಅಂಗಾತ ಬಿದ್ದಿತ್ತೋ ಬೋರಲು ಬಿದ್ದಿತ್ತೋ ಎಂಬ ವಿಚಾರದಲ್ಲಿ ಯುಗಾದಿಗೆ ಬಿಟ್ಟ ಮಾತನ್ನು ದೀಪಾವಳಿಗೆ ಆಡಿದ್ದು ಇಡೀ ಊರಿಗೆ ಗೊತ್ತು. ಸ್ನೇಹ ಬೆಳೆಸುವ ಭಾಗವನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಚೈತ್ರ ಕೂಗಾಡುವ ಹುಡುಗಿಯಲ್ಲ. ಆದರೆ ಹಠದಲ್ಲಿ ನನ್ನನ್ನೂ ಮೀರಿಸಿದವಳು. ‘ನೀನು ಬೇಡ ಅಂದ್ರೆ ಹೋಗಲ್ಲ. ಆದ್ರೆ ನಾನು ಮಾಡಿರೋ ಗೇಮು ಒಂದಿದೆ. ಆಡಿ ನೋಡಿ ಆಮೇಲೆ ಬೇಡ ಅನ್ನು’ ಎಂದು ನನ್ನ ಮೊಬೈಲಿಗೆ ಅದನ್ನು ಹಾಕಿಕೊಟ್ಟಳು. ನಾನೂ ಒಪ್ಪಿದೆ. ಆಡುವ ಆಸೆಯಿಂದಲ್ಲ. ಅದರ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಬೇಡ ಎನ್ನುವ ಮಾತನ್ನು ಸಾಕ್ಷಿಸಮೇತ ಹೇಳಬೇಕೆಂದು ತೀರ್ಮಾನ ಮಾಡಿದ್ದೆ.

ನೋಡಿದರೆ ಅದು ಬೇಸಾಯದ ಗೇಮು. ಒಂದು ಹೊಲ, ಒಂದು ಹಸು, ತಲೆಗೆ ಟವೆಲ್ ಸುತ್ತಿದ ಒಬ್ಬ ರೈತ. ತಪ್ಪು ಹುಡುಕಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗಬೇಕು? ಬಿತ್ತಿದ ರಾಗಿ ಒಂದು ಲೋಟ ಕಾಫಿ ಕುಡಿಯುವುದರೊಳಗೆ ತೆನೆ ಬಿಟ್ಟಿತು. ಕಳೆ ಎಂಬುದೇ ಇಲ್ಲ. ರಾಗಿಯ ನಡುವೆ ಅವರೆ ಸಾಲು ಹಾಕೋಣವೆಂದರೆ ಅದಕ್ಕೆ ಅವಕಾಶವಿಲ್ಲ. ಹಸು ಗಬ್ಬವಾಗದೆ, ಕರು ಹಾಕದೆ, ಕೇಳಿದಾಗಲೆಲ್ಲ ಹಾಲು ಕೊಡುತ್ತಿತ್ತು. ಇಂಥ ಹಸು ನಮ್ಮೂರಲ್ಲಿ ಇದ್ದಿದ್ದರೆ ಅದಕ್ಕೆ ಗುಡಿ ಕಟ್ಟಿಸುತ್ತಿದ್ದೆವು. ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಏನೆಂದರೆ, ಆ ರೈತ ಇಡೀ ಹೊಲವನ್ನು ಒಬ್ಬನೇ ಕೊಯ್ದುಬಿಟ್ಟ.

‘ಮುಯ್ಯಾಳು ಎಲ್ಲಮ್ಮ?’ ಎಂದು ಮಗಳನ್ನು ಕೇಳಿದೆ. ಇವತ್ತು ಅವರು ನಮ್ಮ ಹೊಲಕ್ಕೆ ಬರಬೇಕು, ನಾಳೆ ನಾವು ಅವರ ಹೊಲಕ್ಕೆ ಹೋಗಬೇಕು, ಕೂಲಿಯ ಮಾತಿಲ್ಲ. ಕರೆದಾಗ ಹೋಗದವನ ಹೊಲಕ್ಕೆ ನಾಯಿಯೂ ಬರುವುದಿಲ್ಲ. ಮುಯ್ಯಾಳಿಲ್ಲದೆ ರಾಗಿ ಕೊಯ್ಲು ಮಾಡಿಸುವವಳು ಯಾವ ಸೀಮೆಯ ರೈತನ ಮೊಮ್ಮಗಳು ಎಂದು ದಬಾಯಿಸಿದೆ. ಮಳೆ ಕೈಕೊಡಬೇಕು, ಕಳೆ ಬರಬೇಕು, ಎಮ್ಮೆ ನುಗ್ಗಬೇಕು ಎಂದು ಪಟ್ಟಿಯನ್ನೇ ಕೊಟ್ಟೆ. ಚೈತ್ರ ಒಂದು ಮಾತನ್ನೂ ಎದುರಾಡಲಿಲ್ಲ. ‘ಸರಿ ಅಪ್ಪಾ, ಎಲ್ಲಾ ಹಾಕ್ತೀನಿ’ ಎಂದು ಲ್ಯಾಪ್‌ಟಾಪ್ ಹಿಡಿದು ನಡುಮನೆಯಲ್ಲಿ ಕೂತಳು. ನಾನು ಗೆದ್ದೆನೆಂದು ಮೀಸೆ ತಿರುವಿಕೊಂಡೆ.

ಶನಿವಾರ ಸಂಜೆ ಹೊಸ ಹೊಲ ನನ್ನ ಕೈಗೆ ಬಂತು. ಬಿತ್ತಿದೆ. ಮಳೆ ಬರಲಿಲ್ಲ. ಮತ್ತೆ ಬಿತ್ತಿದೆ. ಈ ಸಲ ಮಳೆ ಬಂತು, ರಾಗಿಗಿಂತ ಮುಂಚೆ ಕಳೆ ಬಂತು. ಹಸು ಗಬ್ಬವಾಗಿ ಹಾಲು ನಿಲ್ಲಿಸಿತು. ನಾನು ಕಳೆ ಕೀಳುತ್ತಿರುವಾಗ ಪಕ್ಕದ ಹೊಲದಿಂದ ದಪ್ಪ ಮೀಸೆಯವನೊಬ್ಬ ಬಂದು, ‘ಅಣ್ಣಾ, ನಾಳೆ ನಮ್ಮದು ಕೊಯ್ಲು, ಬಾ’ ಎಂದ. ನನಗೆ ಕೈತುಂಬ ಕೆಲಸ. ಅವನತ್ತ ತಿರುಗಿಯೂ ನೋಡಲಿಲ್ಲ. ಹಾಗೂ ಹೀಗೂ ನನ್ನ ರಾಗಿ ಬಲಿಯಿತು. ಅಷ್ಟರಲ್ಲಿ ಮೋಡ ಕವಿಯಿತು. ಮೀಸೆಯವನನ್ನು ಕರೆದೆ. ಅವನು ತನ್ನ ಮನೆ ಜಗಲಿಯ ಮೇಲೆ ಕೂತವನು ಎಲೆಯಡಿಕೆ ಹಾಕಿಕೊಂಡ. ಮತ್ತೆ ಕರೆದೆ. ಸುಣ್ಣ ಹಚ್ಚಿಕೊಂಡ. ಮಳೆ ಹೊಡೆಯಿತು. ನನ್ನ ಕಣ್ಣೆದುರಿಗೇ ರಾಗಿ ತೆನೆಯಲ್ಲಿ ಮೊಳಕೆ ಬಂತು.

‘ಆ ಮೀಸೆಯವನು ಯಾಕೆ ಬರ್ಲಿಲ್ಲ?’ ಎಂದು ಕೂಗಿದೆ.

‘ನೀನು ಅವನ ಹೊಲಕ್ಕೆ ಹೋಗ್ಲಿಲ್ವಲ್ಲಪ್ಪಾ’ ಎಂದಳು ಚೈತ್ರ.

‘ನಂಗೆ ಕೆಲ್ಸ ಇತ್ತು ಕಣಮ್ಮ. ಮನುಷ್ಯ ಆದವನು ಅರ್ಥ ಮಾಡ್ಕೋಬಾರ್ದಾ?’

ಸರೋಜ ತಟ್ಟೆ ಇಡುತ್ತಾ, ‘ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಮೊದ್ಲು ಉಣ್ಣಿ’ ಎಂದಳು. ಅನ್ನ ಸೇರಲಿಲ್ಲ. ಇಲ್ಲದ ಹೊಲದ ಇಲ್ಲದ ರಾಗಿ ಹಾಳಾದದ್ದಕ್ಕೆ ನಿಜವಾದ ಹೊಟ್ಟೆ ಉರಿಯುತ್ತಿತ್ತು. ಭಾನುವಾರ ಮತ್ತೆ ಆಡಿದೆ. ಆ ಸಲ ಮಳೆಯೇ ಬರಲಿಲ್ಲ. ಬಿಡುವವನು ನಾನಲ್ಲ, ಮತ್ತೆ ಆಡಿದೆ. ಆ ಸಲ ಯಾರದೋ ಎಮ್ಮೆ ನುಗ್ಗಿ ಮೇಯ್ದುಹೋಯಿತು. ಎಮ್ಮೆ ನುಗ್ಗಬೇಕೆಂದು ಹೇಳಿದ್ದವನೂ ನಾನೇ.

ಕಡೆಗೆ ಮಗಳ ಹತ್ತಿರ ಹೋಗಿ ಮೆಲ್ಲಗೆ, ‘ಸ್ವಲ್ಪ ಸಡಿಲ ಮಾಡಮ್ಮ’ ಎಂದೆ.

‘ನಿಜದಲ್ಲಿ ಹಿಂಗೇ ಅಲ್ವಾ?’

‘ನಿಜ ಹೊರಗಡೆ ಬೇಕಾದಷ್ಟಿದೆ ಬಿಡು. ಇದ್ರೊಳಗೂ ಯಾಕೆ?’

ಅವಳು ನಗಲಿಲ್ಲ. ‘ಎಷ್ಟು ಸಡಿಲ ಮಾಡ್ಲಿ ಹೇಳು. ತೀರಾ ಸಡಿಲ ಮಾಡಿದ್ರೆ ಇದೇನು ಸುಳ್ಳು ಅಂತೀಯ. ಬಿಗಿ ಮಾಡಿದ್ರೆ ಊಟ ಬಿಡ್ತೀಯ. ಎಷ್ಟು ಕಷ್ಟ ಕೊಟ್ರೆ ಮನುಷ್ಯ ಇನ್ನೊಂದ್ಸಲ ನೋಡೇಬಿಡ್ತೀನಿ ಅಂತಾನೆ, ಅದನ್ನ ತೂಗಿ ತೂಗಿ ಇಡೋದೇ ಆ ಕೆಲ್ಸ ಅಪ್ಪಾ’ ಎಂದಳು. ಎದುರು ಕೂತವಳು ನನಗೆ ಗೊತ್ತಿಲ್ಲದ ಒಂದು ಕಸುಬನ್ನು ಚೆನ್ನಾಗಿ ಬಲ್ಲವಳು ಎಂದು ಆಗ ಅನ್ನಿಸಿತು. ಹೆಮ್ಮೆಯಾಯಿತು, ಜೊತೆಗೆ ಕೊಂಚ ನಾಚಿಕೆಯೂ ಆಯಿತು. ಆದರೂ ವಿರೋಧ ಪಕ್ಷದ ನಾಯಕ ಅಷ್ಟು ಸುಲಭಕ್ಕೆ ಕುರ್ಚಿ ಬಿಡುತ್ತಾನೆಯೇ?

‘ಹುಲ್ಲು ತೋರ್ಸಿ ಮಕ್ಕಳನ್ನ ಎಳ್ಕೊಂಡು ಹೋಗೋ ಕೆಲ್ಸಾನೂ ಮಾಡಿಸ್ತಾರಲ್ಲ, ಅದಕ್ಕೇನಂತೀಯ?’

‘ಮಾಡು ಅಂದ್ರೆ ಆಗಲ್ಲ ಅಂತೀನಿ. ಕೇಳ್ದೇ ಇದ್ರೆ ಬಿಟ್ಟು ಬರ್ತೀನಿ. ಹಠ ಮಾಡೋದು ಯಾರೂ ಹೇಳಿಕೊಡ್ಬೇಕಾಗಿಲ್ಲ ನಂಗೆ.’

ಅವಳ ದನಿಯಲ್ಲಿ ಅಲುಗಾಟ ಇರಲಿಲ್ಲ. ಸರೋಜ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ‘ಆಯ್ತು, ಹೋಗು’ ಎಂದೆ. ಮಗಳ ಕಣ್ಣು ತುಂಬಿತು. ತಂದೆಯಾದವನು ಇಂಥ ಹೊತ್ತಿನಲ್ಲಿ ಎರಡು ಬುದ್ಧಿಮಾತು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಆದರೆ ಬಾಯಿಂದ ಬಂದದ್ದು ಬೇರೆ: ‘ಹೋಗೋಕ್ ಮುಂಚೆ ಆ ಮೀಸೆಯವನ್ಗೆ ಒಂದು ಮಾತು ಹೇಳಿ ಹೋಗು. ನನ್ನ ರಾಗಿ ಇನ್ನೇನು ಬಲಿಯೋ ಹಂಗಿದೆ.’

‘ಅದೆಲ್ಲ ಆಗಲ್ಲ. ಅವನು ಕರೆದಾಗ ನೀನು ಹೋಗು’ ಎಂದು ಕಣ್ಣೊರೆಸಿಕೊಂಡಳು.

ಸೋಮವಾರ ಬೆಳಗ್ಗೆ ಮಗಳು ಹೊಸ ಚೂಡಿದಾರ ಹಾಕಿಕೊಂಡು ಬಸ್ಸು ಹತ್ತಿದಳು. ಹಾಲಿನ ಲಾರಿ ಹೋದಮೇಲೆ ನಾನು ಡೈರಿಯ ಬಾಗಿಲು ಎಳೆದುಕೊಂಡು ಒಳಗೆ ಕೂತೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಚಿಕ್ಕಣ್ಣ ಬಾಗಿಲು ಬಡಿದ.

‘ಏನಪ್ಪಾ ಸೆಕ್ರೆಟ್ರಿ, ಜಗಲಿಗೆ ಬರಲ್ವಾ? ಎಲ್ಲಾ ಕಾಯ್ತಾವ್ರೆ.’

‘ಇವತ್ತಾಗಲ್ಲ ಕಣೋ’ ಎಂದೆ, ಮೊಬೈಲಿನಿಂದ ತಲೆ ಎತ್ತದೆ. ‘ಮುಯ್ಯಾಳಿಗೆ ಬಂದಿದೀನಿ.’