ಶುದ್ಧ ಇಟಾಲಿಯನ್ ಭವನದ ಎರಡು ಬಗೆಯ ತಟ್ಟೆಗಳು

ಹತ್ತಿ ದಲಾಲಿಯಲ್ಲಿ ಹೆಸರು ಮಾಡಿ, ಈಗ ಪಾಸ್ತಾ ಪಿಜ್ಜಾಗಳ ಉದ್ಧಾರಕ್ಕೂ ಟೊಂಕ ಕಟ್ಟಿರುವ, ರಾಯಚೂರಿನ ಶುದ್ಧ ಇಟಾಲಿಯನ್ ಭವನದ ನೂತನ ಮಾಲೀಕರಾದ ಶ್ರೀಮಾನ್ ವೆಂಕೋಬ ಸಾಹುಕಾರರ ಸನ್ನಿಧಿಗೆ, ದೇವದುರ್ಗದಿಂದ ನಾಗವೇಣಿ ಎಂಬುವಳು ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಎ.ಸಿ.ಯೂ ಕ್ಷೇಮವೆಂದು ನಂಬಿದ್ದೇನೆ. ನಾವು ಇಲ್ಲಿ ಬಿಸಿಲಿನಲ್ಲಿ ಕ್ಷೇಮ. ನಾನು ದೇವದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕಳೆದ ಬುದ್ಧ ಪೂರ್ಣಿಮೆಯ ಸಂಜೆ ತಮ್ಮ ಭವನದ ಕಿಟಕಿ ಬದಿಯ ಮೇಜಿನಲ್ಲಿ, ಬಿಳಿ ಸೀರೆ ಉಟ್ಟಿದ್ದ ನಮ್ಮ ಅವ್ವ ಅಮರಮ್ಮನ ಜೊತೆ ಕುಳಿತಿದ್ದವಳು ಎಂದರೆ ತಮಗೆ ಕೂಡಲೇ ನೆನಪಾದೀತು, ಏಕೆಂದರೆ ನಮ್ಮಂಥವರನ್ನು ಗುರುತು ಹಿಡಿಯುವುದಕ್ಕೆ ತಾವು ಪಡುವ ಶ್ರಮವನ್ನು ಅಂದು ಕಣ್ಣಾರೆ ಕಂಡಿದ್ದೇನೆ. ಅಂಥ ಶ್ರಮಕ್ಕೆ ಗುಟ್ಟಾಗಿ ಧನ್ಯವಾದ ಹೇಳಿದರೆ ಸಾಲದು, ನಾಲ್ಕು ಜನರ ಮುಂದೆ ಹೇಳಬೇಕು ಎನಿಸಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಕಾಲಕ್ಕೆ ಮುಂಚೆ ಆ ಜಾಗದಲ್ಲಿ ಬಹಳ ಅಶಿಸ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೈದರಾಬಾದಿನ ದೊಡ್ಡ ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿದು ಇಟಲಿಯ ಅಡಿಗೆ ಕಲಿತು ಬಂದಿದ್ದ ಕುಬ್ರಾ ಬೇಗಂ ಅದನ್ನು ನಡೆಸುತ್ತಿದ್ದರು. ಅವರಿಗೆ ವ್ಯಾಪಾರದ ಮೊದಲ ಪಾಠವೇ ಬರುತ್ತಿರಲಿಲ್ಲ. ಬಂದವರನ್ನು "ಬರ್ರಿ, ಕೂಡ್ರಿ, ಹಸಿವಾಗ್ಯದೇನು?" ಎಂದಷ್ಟೇ ಕೇಳುತ್ತಿದ್ದರು. ಪಾಸ್ತಾವನ್ನು ದೊಡ್ಡ ತಾಟಿನಲ್ಲಿ ತಂದು ಮೇಜಿನ ನಡುವೆ ಇಟ್ಟು, ಎಲ್ಲರೂ ಅದರಲ್ಲೇ ಮುಳ್ಳುಚಮಚ ಹಾಕಿ ಉಣ್ಣಲಿ ಎಂದು ಬಿಟ್ಟುಬಿಡುತ್ತಿದ್ದರು. ಆ ಮುಳ್ಳುಚಮಚ ಹಿಡಿಯುವುದು ನಮ್ಮ ಊರಿನ ಯಾವ ಕುಲದವರಿಗೂ ಹುಟ್ಟಿನಿಂದ ಬಂದಿಲ್ಲವಾದ್ದರಿಂದ, ವಕೀಲರೂ ಹಮಾಲರೂ ಒಂದೇ ಸಮ ಮೂತಿಗೆ ಕೆಂಪು ಹಚ್ಚಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುತ್ತ ಉಣ್ಣುತ್ತಿದ್ದರು.

ನಮ್ಮ ಅವ್ವ ಕುರ್ಡಿಯವಳು, ದಲಿತರ ಓಣಿಯವಳು. ಮೆಣಸಿನಕಾಯಿ ಬಿಡಿಸುವ ಕೂಲಿ ಮಾಡಿ ನನ್ನನ್ನೂ ನನ್ನ ತಮ್ಮ ಆನಂದನನ್ನೂ ಓದಿಸಿದವಳು. ಪ್ರಾಯದಲ್ಲಿ ಕೂಲಿಗೆ ಹೋಗುವ ಹಾದಿಯ ಯಾವುದೋ ಚಹಾದಂಗಡಿಯಲ್ಲಿ, ನಮ್ಮವರಿಗೆಂದೇ ಗೋಡೆಯ ಮೇಲೆ ಬೇರೆ ಇಟ್ಟಿದ್ದ ಲೋಟದಲ್ಲಿ ಚಹಾ ಕುಡಿದು, ತಾನೇ ತೊಳೆದು ಬೋರಲು ಹಾಕಿ ಬಂದ ದಿನದಿಂದ ಅವಳು ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಮಕ್ಕಳು ನೌಕರಿ ಹಿಡಿದ ಮೇಲೂ "ನನಗ್ಯಾಕ ಹೋಟ್ಲು, ನೀವು ಹೋಗಿ ಬರ್ರಿ" ಎನ್ನುತ್ತಿದ್ದಳು. ಅಂಥವಳನ್ನು ನಾವು ಒಂದು ಪೂರ್ಣಿಮೆಯ ದಿನ ಹಟ ಹಿಡಿದು ಎಳೆದುಕೊಂಡು ಹೋದದ್ದು ಕುಬ್ರಾ ಬೇಗಂ ಅವರಲ್ಲಿಗೆ. ಲಸಾನ್ಯಾ ಎಂಬ ತಿನಿಸಿಗೆ ಅವ್ವ ಕೂತಲ್ಲೇ "ಪದರು ರೊಟ್ಟಿ" ಎಂದು ಹೆಸರಿಟ್ಟಳು. ಸಪ್ಪಗಿದೆ ಎನಿಸಿ, ಸೆರಗಿನ ಗಂಟಿನಿಂದ ತಾನೇ ಕುಟ್ಟಿದ ಶೇಂಗಾ ಹಿಂಡಿಯ ಖಾರಪುಡಿ ಬಿಚ್ಚಿ ಅದರ ಮೇಲೆ ಉದುರಿಸಿಕೊಂಡಳು. ಹೊರಗಿನ ತಿನಿಸು ತರಬಾರದೆಂದು ಗದರುವುದು ಬಿಟ್ಟು, ಕುಬ್ರಾ ಬೇಗಂ ತಾವೂ ಒಂದಿಷ್ಟು ಬೆರಳಿಗೆ ಹಚ್ಚಿ ನೆಕ್ಕಿ, "ಭಾಳ ರುಚಿ ಅದ, ಅಮರಕ್ಕಾ" ಎಂದು ಅವಳ ಪಕ್ಕದಲ್ಲೇ ಕುಳಿತುಬಿಟ್ಟರು. ಅವತ್ತಿನಿಂದ ಪ್ರತಿ ಬುದ್ಧ ಪೂರ್ಣಿಮೆಗೆ, ಮನೆಯಲ್ಲಿ ವಂದನೆ ಮುಗಿಸಿ, ಅವ್ವ ಬಿಳಿ ಸೀರೆ ಉಟ್ಟು ಅಲ್ಲಿಗೆ ಉಣ್ಣಲು ಹೋಗುವುದು ನಮ್ಮ ಪದ್ಧತಿಯಾಯಿತು. ರಾಯಚೂರಿನಲ್ಲಿ ಹೋಟೆಲುಗಳಿಗೆ ಬರವಿಲ್ಲ, ಆದರೆ ಅವ್ವ ಒಳಗೆ ಕಾಲಿಡುತ್ತಿದ್ದದ್ದು ಅದೊಂದರಲ್ಲೇ. ಒಲೆ, ಮೇಜು, ಕುರ್ಚಿಗಳ ಜೊತೆಗೆ ತಮ್ಮ ವಶಕ್ಕೆ ಇದೂ ಬಂದಿತ್ತು ಎಂಬುದನ್ನು ತಮಗೆ ಯಾರೂ ತಿಳಿಸಿರಲಿಕ್ಕಿಲ್ಲ.

ಕುಬ್ರಾ ಬೇಗಂ ಮಗಳ ಮನೆಗೆಂದು ಹೈದರಾಬಾದಿಗೆ ಹೊರಟರು, ತಾವು ಬಂದಿರಿ. ಹಳೆಯ ಬೋರ್ಡು ಇಳಿಯಿತು, "ಶುದ್ಧ" ಎಂಬುದನ್ನು "ಇಟಾಲಿಯನ್" ಎಂಬುದಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಸಿದ ಹೊಸ ಬೋರ್ಡು ಏರಿತು. ತಮ್ಮ ಆಡಳಿತದಲ್ಲಿ ಪಿಜ್ಜಾ ಎಷ್ಟು ಗಟ್ಟಿಯಾಗಿದೆಯೆಂದರೆ ಅದರ ಮುಂದೆ ನಮ್ಮ ಒಣಗಿದ ಕಟಕು ರೊಟ್ಟಿಯೂ ಹತ್ತಿಯಂತೆ ಮೃದು. ಪಾಸ್ತಾ ಬೆಂದು ಬೆಂದು ತಾನು ಯಾವ ದೇಶದ್ದು ಎಂಬುದನ್ನೇ ಮರೆತಿದೆ. ಟೊಮೇಟೊ ಸಾಸಿನಲ್ಲಿ ಟೊಮೇಟೊ ಹುಡುಕುವುದೂ ತಮ್ಮಲ್ಲಿ ದಯೆ ಹುಡುಕುವುದೂ ಒಂದೇ. ಆದರೆ ಇದಾವುದೂ ನನ್ನ ದೂರಲ್ಲ. ಕೆಟ್ಟ ಅಡಿಗೆ ಬಂದವರಿಗೆಲ್ಲ ಸಮನಾಗಿ ಕೆಟ್ಟದ್ದಾಗಿರುತ್ತದೆ, ಅದರಲ್ಲೊಂದು ನ್ಯಾಯವಿದೆ.

ನನ್ನನ್ನು ಬೆರಗುಗೊಳಿಸಿದ್ದು ತಮ್ಮ ಸ್ವಾಗತ. ಮಾಲೀಕರೆಂಬ ಬಿಗುಮಾನವಿಲ್ಲದೆ ತಾವೇ ಕೈ ಜೋಡಿಸಿಕೊಂಡು ನಮ್ಮ ಮೇಜಿಗೆ ಬಂದಿರಿ. ಅಲ್ಲಿದ್ದ ಗಾಜಿನ ಭರಣಿಯ ಕೆಂಪು ಪುಡಿಯನ್ನು ತೋರಿಸಿ, "ಪಾಸ್ತಾದ ಮ್ಯಾಲ ಇದನ್ನ ಹಾಕ್ಕೊಂಡು ಉಣ್ರಿ. ನಮ್ಮ ಮನಿಯಾಗ ಮುಂಜಾನಿ ಸಂಜಿ ಇದಾ ಬೇಕು, ನಮ್ಮ ತಾಯಿಗಂತೂ ಇದಿಲ್ಲಂದ್ರ ತುತ್ತು ಇಳಿಯಂಗಿಲ್ಲ" ಎಂದು ಶಿಫಾರಸು ಮಾಡಿದಿರಿ. ಅವ್ವ ಭರಣಿಯನ್ನು ನೋಡಿ ನಕ್ಕಳು. ಆ ನಗೆಯಿಂದ ಸಲಿಗೆ ಬೆಳೆದು ತಾವು "ಯಾವ ಊರಾತುರಿ?" ಎಂದಿರಿ. ಕುರ್ಡಿ ಎಂದಳು. "ಕುರ್ಡಿ ಭಾಳ ಚಲೋ ಊರು. ಅಲ್ಲಿ ಯಾವ ಓಣಿ? ಯಾರ ಪೈಕಿ ಅಂದಂಗಾತು?" ಎಂದಿರಿ. ಮುಚ್ಚಿಟ್ಟು ಮಾತಾಡಿ ಗೊತ್ತಿಲ್ಲದ ಅವ್ವ ಓಣಿಯನ್ನೂ ಹೇಳಿದಳು. ಜೋಡಿಸಿದ ಕೈಗಳನ್ನು ಬಿಡಿಸದೆಯೇ ತಾವು ಹಿಂದಕ್ಕೆ ಸರಿದ ಆ ನಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಜನಗಣತಿಯವರು ಬಿಸಿಲಲ್ಲಿ ಮನೆ ಮನೆ ಅಲೆದು ತಿಂಗಳುಗಟ್ಟಲೆ ಮಾಡುವ ಕೆಲಸವನ್ನು ತಾವು ನೀರಿನ ಲೋಟ ಬರುವುದರೊಳಗೆ ಮುಗಿಸುತ್ತೀರಿ. ಮುಂದೊಂದು ದಿನ ಅಪ್ಪಟ ಇಟಲಿಯವನೇ ತಮ್ಮಲ್ಲಿಗೆ ಉಣ್ಣಲು ಬಂದರೆ, ರೋಮಿನಲ್ಲಿ ಯಾವ ಓಣಿ, ಯಾರ ಪೈಕಿ ಎಂದು ಅವನನ್ನೂ ಇದೇ ವಾತ್ಸಲ್ಯದಿಂದ ವಿಚಾರಿಸುತ್ತೀರೆಂಬ ಭರವಸೆ ನನಗಿದೆ.

ಅಡಿಗೆ ಬಂತು. ತಂದವನು ಮಿನಾಜ್, ಕುಬ್ರಾ ಬೇಗಂ ಅವರ ಕಾಲದಿಂದಲೂ ಅಲ್ಲಿ ಬಡಿಸುತ್ತಿದ್ದವನು. ಪ್ರತಿಸಲ "ಅಮರಕ್ಕಾ" ಎಂದು ನಗುತ್ತ ಬರುತ್ತಿದ್ದ ಅವನು ಅಂದು ತಲೆ ಎತ್ತಲಿಲ್ಲ. ಅಕ್ಕಪಕ್ಕದ ಮೇಜುಗಳಲ್ಲಿ ನೀಲಿ ಅಂಚಿನ ಪಿಂಗಾಣಿ ತಟ್ಟೆಗಳು ಹೊಳೆಯುತ್ತಿದ್ದವು, ನಮಗೆ ಬಂದದ್ದು ಕಾಗದದ ತಟ್ಟೆ, ಕಾಗದದ ಲೋಟ. ಏಕೆಂದು ಕೇಳಿದ್ದಕ್ಕೆ ಗಲ್ಲಾಪೆಟ್ಟಿಗೆಯ ಬಳಿಯಿಂದಲೇ ತಾವು "ಹೈಜೀನ್‌ರೀ ಮೇಡಂ, ಸ್ಪೆಷಲ್ ಸರ್ವಿಸ್" ಎಂದಿರಿ. ಅದನ್ನು ನಂಬುವಷ್ಟು ನಾನು ಓದಿದವಳು. ಅವ್ವ ಓದಿದವಳಲ್ಲ. ಅವಳು ಒಂದು ಸಲ ಸುತ್ತಲಿನ ಮೇಜುಗಳನ್ನೆಲ್ಲ ನೋಡಿದಳು, ಆಮೇಲೆ ತನ್ನ ತಟ್ಟೆ ನೋಡಿದಳು, "ಸುಮ್ನ ಉಣ್ಣು ನಾಗೂ, ಇದು ನನಗ ಗೊತ್ತಿರೋದಾ ಅದ" ಎಂದಳು. ತಮ್ಮ ನೀರುಸಾಸಿಗೆ ಕಾಗದ ಎಷ್ಟು ಹೊತ್ತು ತಡೆದೀತು? ಅದು ತಳ ಬಿಟ್ಟು ಅವಳ ಬಿಳಿ ಸೀರೆಯ ಮಡಿಲಿಗೆ ಇಳಿಯಿತು. ಅವಳು ಆ ಕಲೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕುಳಿತಳು.

ಅಷ್ಟರಲ್ಲಿ ನನ್ನ ತಮ್ಮ ಆನಂದ ಬಂದ. ಅವನು ಮಾನ್ವಿಯ ಬ್ಯಾಂಕೊಂದರಲ್ಲಿ ಗುಮಾಸ್ತ, ಬಸ್ಸು ತಡವಾಗಿ ನೇರ ಬ್ಯಾಂಕಿನ ಬಟ್ಟೆಯಲ್ಲೇ ಬಂದಿದ್ದ. ಬಾಗಿಲಲ್ಲೇ ತಮ್ಮ ವಿಚಾರಣೆಗೆ ಸಿಕ್ಕ. ಊರು ಕೇಳಿದಿರಿ, ಮಾನ್ವಿ ಎಂದ. ಎಲ್ಲಿ ಎಂದಿರಿ, ಗುಡಿ ಹಿಂದಿನ ಸಾಲಿನಲ್ಲಿ ಎಂದ, ಅವನ ಬಾಡಿಗೆ ಮನೆ ಇರುವುದು ಅಲ್ಲೇ. ಕೂಡಲೇ ತಾವು "ಹಂಗಾದ್ರ ನಮ್ಮವರಾ ಆದ್ರಿ ಬಿಡ್ರಿ" ಎಂದು ಅವನ ಹೆಗಲ ಮೇಲೆ ಕೈ ಹಾಕಿ, ಪಿಂಗಾಣಿ ತಟ್ಟೆಯೊಂದನ್ನು ಸ್ವಂತ ಕೈಯಿಂದ ಒರೆಸಿ, ಅದನ್ನು ಹಿಡಿದುಕೊಂಡು ಅವನ ಹಿಂದೆಯೇ ಬಂದಿರಿ. ಅವನು ನೆಟ್ಟಗೆ ನಮ್ಮ ಮೇಜಿಗೆ ಬಂದು, "ಯವ್ವಾ, ಬಸ್ ತಡ ಆತು" ಎಂದು ಅವ್ವನ ಪಕ್ಕದಲ್ಲಿ ಕುಳಿತ.

ಸಾಹುಕಾರರೇ, ಆಗಿನ ತಮ್ಮ ಮುಖವನ್ನು ನೆನೆದರೆ ನನಗೆ ಈಗಲೂ ಕನಿಕರ. ತಂದ ತಟ್ಟೆಯನ್ನು ಇಡುವ ಹಾಗಿಲ್ಲ, ಎಲ್ಲರೂ ನೋಡುತ್ತಿರುವಾಗ ಹಿಂದಕ್ಕೆ ಒಯ್ಯುವ ಹಾಗೂ ಇಲ್ಲ. ಕೊನೆಗೆ ಇಟ್ಟಿರಿ. ಹೀಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಅಕ್ಕ ಕಾಗದದ ಪೈಕಿಯಾದಳು, ತಮ್ಮ ಪಿಂಗಾಣಿಯ ಪೈಕಿಯಾದ, ಹೆತ್ತವಳು ಯಾವ ಕಡೆಗೂ ಸಲ್ಲದೆ ನಡುವೆ ಕುಳಿತಳು. ನಮ್ಮ ಹಿರಿಯರು ತಲೆತಲಾಂತರ ಹೋರಾಡಿಯೂ ಅಳಿಸಲಾಗದ ಕುಲವನ್ನು, ಗುಡಿಯ ಹಿಂದೆ ಒಂದು ಬಾಡಿಗೆ ಮನೆ ಹಿಡಿದರೆ ಅಳಿಸಬಹುದೆಂದು ತೋರಿಸಿಕೊಟ್ಟ ಕೀರ್ತಿ ತಮಗೇ ಸಲ್ಲಬೇಕು.

ಆನಂದನಿಗೆ ಎಲ್ಲವೂ ಒಂದೇ ನೋಟಕ್ಕೆ ಅರ್ಥವಾಯಿತು. ತನ್ನ ತಟ್ಟೆಯನ್ನು ಅವ್ವನ ಮುಂದೆ ಸರಿಸಿದ. ಅವಳ ಕಾಗದದಲ್ಲಿ ಉಳಿದಿದ್ದ ಪದರು ರೊಟ್ಟಿಯನ್ನು ಅದರಲ್ಲಿ ಹಾಕಿಕೊಟ್ಟ. ಅವ್ವ ಒಂದು ತುತ್ತು ಮುರಿದು, "ನನಗ ಹಸಿವಿಲ್ಲಪ್ಪ" ಎಂದಳು. ನಾವು ಕೈ ತೊಳೆದು ಹೊರಡುವಾಗ ತಾವು ಮಿನಾಜ್‌ಗೆ ಹೇಳಿದ "ಆ ತಟ್ಟಿ ಬ್ಯಾರೆ ಇಡು" ಎಂಬ ಮಾತು ಮೆಲ್ಲಗಿತ್ತು, ಆದರೆ ಅವ್ವನ ಕಿವಿ ಆ ಮಾತಿಗೆ ಪಳಗಿದ್ದು. ತಟ್ಟೆ ಹಿಡಿದು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ ಮಿನಾಜ್‌ನ ಬಳಿ ಹೋಗಿ, "ಇಲ್ಲಿ ಕೊಡು ಮಗನ. ಸಾಹುಕಾರ್ರು ಹೆಂಗೂ ಇದರಾಗ ಬಡಸಂಗಿಲ್ಲ" ಎಂದು ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು. ತಾವು ಬೇಡವೆನ್ನಲಿಲ್ಲ, ಔದಾರ್ಯಕ್ಕೆ ಋಣಿ. ಆಟೋದಲ್ಲಿ ಅವಳು ಆಡಿದ್ದು ಒಂದೇ ಮಾತು: "ಇನ್ನ ಮ್ಯಾಲ ಪೂರ್ಣಿಮಿಗೆ ಮನ್ಯಾಗಾ ಉಣ್ಣೂಣು."

ನನಗೆ ಸಿಟ್ಟು ಬಂದದ್ದು ಕಾಗದದ ತಟ್ಟೆ ಕಂಡು ಅಲ್ಲ. ತಲೆ ನರೆತ ನಮ್ಮ ಅವ್ವನಿಗೆ ಅದನ್ನು ಕಂಡು ಆಶ್ಚರ್ಯವೇ ಆಗಲಿಲ್ಲವಲ್ಲ, ಅದಕ್ಕೆ. ಅವಳು ಮರೆತಿದ್ದಾಳೆಂದು ನಾವು ಸಂತೋಷಪಡುತ್ತಿದ್ದುದನ್ನು ತಾವು ಒಂದೇ ಸಂಜೆಯಲ್ಲಿ ನೆನಪಿಸಿಕೊಟ್ಟಿರಿ.

ಇರಲಿ, ದೂರು ಸಾಕು. ತಮ್ಮ ಶುದ್ಧಿಯಲ್ಲಿ ಕೆಲವು ಕೊರತೆಗಳು ನನ್ನ ಕಣ್ಣಿಗೆ ಬಿದ್ದಿವೆ, ತಮ್ಮ ಹಿತಚಿಂತಕಳಾಗಿ ಅವನ್ನು ಅರಿಕೆ ಮಾಡಿಕೊಳ್ಳಬೇಕು. ಪಿಂಗಾಣಿಗೂ ಕಾಗದಕ್ಕೂ ಒಂದೇ ಪಾತ್ರೆಯಿಂದ ಬಡಿಸುತ್ತಿದ್ದೀರಿ. ಆ ಪಾತ್ರೆಯೊಳಗೆ ಸ್ಪಗೆಟಿಯ ಎಳೆಗಳು ಒಂದನ್ನೊಂದು ತಬ್ಬಿಕೊಂಡು ಮಲಗಿರುವುದು ನೋಡಲಾಗುವುದಿಲ್ಲ, ದಯಮಾಡಿ ಕುದಿಯುವ ಮುಂಚೆಯೇ ಪ್ರತಿ ಎಳೆಯನ್ನೂ ಯಾರ ಪೈಕಿ ಎಂದು ಕೇಳಿ ಬೇರ್ಪಡಿಸಬೇಕು. ಟೊಮೇಟೊ ಜಾಲಹಳ್ಳಿ ಕಡೆಯ ಹೊಲಗಳಿಂದ ಬರುತ್ತದೆಂದು ಕೇಳಿದ್ದೇನೆ, ಮೆಣಸಿನಕಾಯಿ ಕುರ್ಡಿ ಕಡೆಯದು. ಅವನ್ನು ಬಿಡಿಸಿದ ಕೈಗಳು ಯಾವ ಓಣಿಯವೆಂದು ತಾವು ಖುದ್ದು ಹೋಗಿ ವಿಚಾರಿಸಬೇಕು, ಆ ಹೊತ್ತಿಗೆ ಅಡಿಗೆಗೆ ಏನಾದರೂ ಉಳಿದರೆ ನಮ್ಮ ಪುಣ್ಯ. ತಮ್ಮ ಎ.ಸಿ. ನಮ್ಮ ಅವ್ವ ಬಿಟ್ಟ ಉಸಿರನ್ನು ತಣ್ಣಗೆ ಮಾಡಿ ಪಕ್ಕದ ಮೇಜಿನ ಮಹನೀಯರಿಗೆ ಹಂಚುತ್ತಿತ್ತು, ಇಂಥ ಅವಿವೇಕಿ ಯಂತ್ರವನ್ನು ಇಟ್ಟುಕೊಳ್ಳಬಾರದು. ಇನ್ನು ಬಾಗಿಲಲ್ಲಿ "ಇಲ್ಲಿ ಓಣಿ ಕೇಳಿ ತಟ್ಟೆ ಕೊಡಲಾಗುವುದು" ಎಂದು ನೇರವಾಗಿ ಬರೆಸಿಬಿಟ್ಟರೆ ಬಂದವರಿಗೂ ಅನುಕೂಲ, ಕಾನೂನಿನವರಿಗೂ ಅನುಕೂಲ. ನಾವು ಅವರಿಗೆ ದೂರು ಕೊಟ್ಟಾಗಿದೆ. ಅವರು ತಮ್ಮಲ್ಲಿಗೆ ಬಂದಾಗ ತಮ್ಮನ್ನು ಯಾರ ಪೈಕಿ ಎಂದು ಕೇಳುವುದಿಲ್ಲ, ಗಾಬರಿಯಾಗಬೇಡಿ.

ಆ ನೀಲಿ ಅಂಚಿನ ತಟ್ಟೆ ನಮ್ಮ ಮನೆಯಲ್ಲಿ, ಬುದ್ಧನ ಪಟದ ಕೆಳಗಿನ ಮಾಡದಲ್ಲಿ ಕ್ಷೇಮವಾಗಿದೆ. ಅವ್ವ ಅದರಲ್ಲಿ ಉಣ್ಣುವುದಿಲ್ಲ, ನಮಗೂ ಕೊಡುವುದಿಲ್ಲ. "ಸಾಹುಕಾರ್ರು ಎಂದಾದ್ರೂ ನಮ್ಮ ಮನಿಗೆ ಬಂದ್ರ ಬೇಕಾಗ್ತದ" ಎನ್ನುತ್ತಾಳೆ. ಬನ್ನಿ. ಹಸಿವಾಗಿದೆಯೇ ಎಂದಷ್ಟೇ ಕೇಳುತ್ತೇವೆ.

ತಮ್ಮ ಭವನದ ಮೆಟ್ಟಿಲನ್ನು ಇನ್ನೆಂದೂ ಮೈಲಿಗೆ ಮಾಡದ,
ತಮ್ಮ ವಿಶ್ವಾಸಿ,
ನಾಗವೇಣಿ

ತಾ.ಕ.: ಮೇಜಿನ ಮೇಲಿನ ಭರಣಿಯ ವಿಷಯ ಹೇಳುವುದು ಮರೆತಿದ್ದೆ. ತಾವು ಅಷ್ಟು ಮೆಚ್ಚುವ ಆ ಕೆಂಪು ಪುಡಿ ಶೇಂಗಾ ಹಿಂಡಿ. ಕುಬ್ರಾ ಬೇಗಂ ಆಸೆಪಟ್ಟು ಕೇಳಿದಾಗಿನಿಂದ ಅದನ್ನು ಕುಟ್ಟಿ ಕೊಡುತ್ತಿದ್ದವಳು ನಮ್ಮ ಅವ್ವ, ತಂದು ಭರಣಿಗಳಿಗೆ ತುಂಬುತ್ತಿದ್ದವನು ಮಿನಾಜ್. ಮಾಲೀಕರು ಬದಲಾದರೆ ಹಿಂಡಿಯನ್ನೂ ಬದಲಾಯಿಸಬೇಕೆಂದು ಪಾಪ ಅವರಿಬ್ಬರಿಗೂ ಹೊಳೆದಿರಲಿಲ್ಲ. ಈಗ ಅವ್ವ ಒರಳಿನ ಕೆಲಸ ನಿಲ್ಲಿಸಿದ್ದಾಳೆ, ಮಿನಾಜ್ ತಮ್ಮ ಕೆಲಸ ಬಿಟ್ಟಿದ್ದಾನೆ. ಆದರೆ ತಾವೂ ತಮ್ಮ ಪೂಜ್ಯ ತಾಯಿಯವರೂ ಇಷ್ಟು ದಿನ ಮುಂಜಾನೆ ಸಂಜೆ ಉಂಡದ್ದರ ಬಗ್ಗೆ, ರಸಾಯನಶಾಸ್ತ್ರ ಕಲಿಸುವವಳಾಗಿ ಒಂದು ಮಾತು ತಿಳಿಸುವುದು ನನ್ನ ಕರ್ತವ್ಯ: ಅದು ಆಗಲೇ ರಕ್ತವಾಗಿದೆ, ಮಾಂಸವಾಗಿದೆ. ತಟ್ಟೆಯಾಗಿದ್ದರೆ ಬೇರೆ ಇಡಬಹುದಿತ್ತು.