ಕೈಗೆ ಸಿಗದ ಸಿಮ್ಮನ್ನು ಉಗ್ರಾಣಕ್ಕೆ ಹಿಂದಿರುಗಿಸುವ ಕುರಿತು

ಇಲಾಖೆಯ ಕೇಂದ್ರ ಕಚೇರಿ, ಉಗ್ರಾಣ ವಿಭಾಗ
(ಎರಡನೆಯ ಮಹಡಿ, ಲಿಫ್ಟ್ ಕೆಟ್ಟಿರುವ ಬದಿ)

ಸಂಖ್ಯೆ: ಉಗ್ರಾಣ/ದೂರು ಫೋನ್/ಕಾಣದ ವಸ್ತು/೧

ಸುತ್ತೋಲೆ

ವಿಷಯ: ಇಂದು ನಿವೃತ್ತರಾಗುತ್ತಿರುವ ಜೀಪು ಚಾಲಕರ ಬಳಿಯಿರುವ ಇಲಾಖಾ ಇ-ಸಿಮ್ಮನ್ನು ಭೌತಿಕವಾಗಿ ಹಿಂಪಡೆಯುವ ಬಗ್ಗೆ.

ಉಲ್ಲೇಖ:
೧) ಉಗ್ರಾಣ ಪಾಲಕರ ಟಿಪ್ಪಣಿ: "ಕಾರ್ಡು ಇಲ್ಲ, ಆದ್ದರಿಂದ ನನ್ನ ಸಹಿಯೂ ಇಲ್ಲ."
೨) ಚಾಲಕರ ಮೌಖಿಕ ಮನವಿ, ಹಾಗೂ ಅವರ ಪತ್ನಿಯವರ ಇನ್ನೂ ಗಟ್ಟಿಯಾದ ಮೌಖಿಕ ಮನವಿ.
೩) ಇದೇ ವಿಷಯದ ಹಿಂದಿನ ಸುತ್ತೋಲೆ. (ಇದನ್ನು ಹೊರಡಿಸಲಾಗಿರುವುದಿಲ್ಲ.)

ಪ್ರಸ್ತಾವನೆ:

ಸಾರ್ವಜನಿಕರ ದೂರು ಸ್ವೀಕರಿಸಲು ಇಲಾಖೆಗೆ ಒಂದೇ ಒಂದು ಮೊಬೈಲ್ ಸಂಖ್ಯೆ ಇರುತ್ತದೆ. ಅದನ್ನು ಇಟ್ಟುಕೊಳ್ಳಲು ಯಾವ ಅಧಿಕಾರಿಯೂ ಮುಂದೆ ಬಾರದ ಕಾರಣ, ಹೇಗಿದ್ದರೂ ದಿನವಿಡೀ ಹೊರಗೇ ಇರುವವರೆಂಬ ನೆಲೆಯಲ್ಲಿ ಜೀಪು ಚಾಲಕರಿಗೆ ವಹಿಸಲಾಗಿತ್ತು. ಮೇಜಿನ ಮೇಲಿನ ದೂರವಾಣಿಯು ಕೆಟ್ಟಿದ್ದು, ಅದರ ದುರಸ್ತಿಗೆ ದೂರವಾಣಿಯ ಮೂಲಕವೇ ಕೋರಬೇಕಾಗಿರುವುದರಿಂದ ಆ ವಿಷಯವು ಪರಿಶೀಲನೆಯಲ್ಲಿದೆ.

ನಿಯಮದಂತೆ, ಸಿಮ್ ಕಾರ್ಡನ್ನು ಉಗ್ರಾಣಕ್ಕೆ ಒಪ್ಪಿಸಿ, ಏನೂ ಬಾಕಿ ಉಳಿದಿಲ್ಲವೆಂಬ ಬೇಬಾಕಿ ಪತ್ರ ಪಡೆಯದ ನೌಕರರಿಗೆ ಬಿಡುಗಡೆ ಇಲ್ಲ. ಚಾಲಕರ ಬಳಿ ಒಪ್ಪಿಸಲು ಕಾರ್ಡೇ ಇರುವುದಿಲ್ಲ. ಆದರೆ ಸಂಜೆಯ ಬಸ್ಸಿನಲ್ಲಿ ಸಮುದ್ರ ತೀರಕ್ಕೆ ಹೊರಡಲು ಅವರು ಟಿಕೆಟ್ ಮಾಡಿಸಿರುವುದಾಗಿಯೂ, ದರ್ಜಿ ವೃತ್ತಿಯ ಅವರ ಪತ್ನಿಯವರು ಟ್ರಂಕಿನ ಸಮೇತ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿರುವುದಾಗಿಯೂ ತಿಳಿದುಬಂದಿದೆ. ಚಾಲಕರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಇಷ್ಟು ವರ್ಷ ನಿಮ್ಮನ್ನೆಲ್ಲ ಕೂರಿಸ್ಕೊಂಡು ಓಡಿಸಿದ್ದಾಯ್ತು ಸಾರ್. ಒಂದ್ಸಲ ನಾನು ಕಿಟಕಿ ಪಕ್ಕ ಕೂತ್ಕೋಬೇಕು. ಗೇರು ಬೇರೆ ಯಾರಾದ್ರೂ ಹಾಕ್ಲಿ."

ಮನವಿಯು ಸಹಾನುಭೂತಿಗೆ ಅರ್ಹವಾಗಿದ್ದು, ಸಹಾನುಭೂತಿಯನ್ನು ಮಂಜೂರು ಮಾಡುವ ಅಧಿಕಾರ ಈ ಕಚೇರಿಗೆ ಇಲ್ಲದ ಕಾರಣ ಕೆಳಕಂಡಂತೆ ಸೂಚಿಸಲಾಗಿದೆ.

೧. ಇ-ಸಿಮ್ ಎಂದರೆ ಫೋನು ತಯಾರಾಗುವಾಗಲೇ ಅದರೊಳಗೆ ಬೆಸೆದಿರುವ ಒಂದು ಸಣ್ಣ ಚಿಪ್ಪು. ಚಿಪ್ಪೇ ಸಂಖ್ಯೆಯಲ್ಲ. ಸಂಖ್ಯೆ ಮತ್ತು ಅದರ ಗುಟ್ಟಿನ ಕೀಲಿಗಳು ಕಂಪನಿಯ ಕಂಪ್ಯೂಟರಿನಿಂದ ಇಂಟರ್‌ನೆಟ್ ಮೂಲಕ ಇಳಿದುಬಂದು ಆ ಚಿಪ್ಪಿನಲ್ಲಿ ನೆಲೆಸತಕ್ಕದ್ದು. ಇದನ್ನು ವಿವರಿಸಲು ಕರೆಸಲಾದ ಕಂಪನಿಯ ಪ್ರತಿನಿಧಿಯು "ಸಿಮ್ಮು ಎಲ್ಲೂ ಹೋಗಿಲ್ಲ ಸಾರ್, ಅದಕ್ಕೆ ಮೈಯಿಲ್ಲ ಅಷ್ಟೇ" ಎಂದು ತಿಳಿಸಿರುತ್ತಾರೆ. ಮೈಯಿಲ್ಲದ ವಸ್ತುವನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಕೇಳಲಾಗಿ, ಸದರಿಯವರು ಚಹಾ ಕುಡಿಯಲು ಹೋದವರು ಹಿಂದಿರುಗಿರುವುದಿಲ್ಲ.

೨. ಉಗ್ರಾಣ ಪಾಲಕರು ಸಿಮ್ ತೆಗೆಯುವ ಇಲಾಖಾ ಪಿನ್ನಿನಿಂದ ಫೋನಿನಲ್ಲಿ ಕಂಡ ಏಕೈಕ ರಂಧ್ರವನ್ನು ಚುಚ್ಚಿರುತ್ತಾರೆ. ಅದು ಮೈಕಿನ ರಂಧ್ರವೆಂದು ನಂತರ ಗೊತ್ತಾಗಿರುತ್ತದೆ. ಆಗಿನಿಂದ ದೂರು ನೀಡುವವರಿಗೆ ಇಲಾಖೆಯ ಮಾತು ಕೇಳಿಸುತ್ತಿಲ್ಲ. ಈ ಬಗ್ಗೆ ಸಾರ್ವಜನಿಕರು ಯಾವುದೇ ವ್ಯತ್ಯಾಸವನ್ನು ಗಮನಿಸಿದಂತೆ ಕಂಡುಬಂದಿರುವುದಿಲ್ಲ. ಆದಾಗ್ಯೂ ಇನ್ನು ಮುಂದೆ ರಂಧ್ರವನ್ನು ಚುಚ್ಚುವ ಮೊದಲು ರಂಧ್ರದ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.

೩. ಸಿಮ್ಮನ್ನು ಫೋನಿನಿಂದ ಬೇರ್ಪಡಿಸಲು ಬಾರದಿರುವುದರಿಂದ ಫೋನನ್ನೇ ಉಗ್ರಾಣಕ್ಕೆ ಒಪ್ಪಿಸಬೇಕು. ಫೋನು ಖಾಸಗಿ ಸ್ವತ್ತಾದ್ದರಿಂದ ಅದನ್ನು ಚಾಲಕರಿಂದ ಬೇರ್ಪಡಿಸಲು ಬಾರದು. ಆದ್ದರಿಂದ ಚಾಲಕರನ್ನೇ ಒಪ್ಪಿಸತಕ್ಕದ್ದು. ಮುರಿದ ಕುರ್ಚಿಗಳಿಗೂ ಹಳೆಯ ಫ್ಯಾನುಗಳಿಗೂ ನಡುವೆ ಇವರಿಗೆ ಸ್ಥಳ ಗುರುತಿಸಲಾಗಿದ್ದು, ವಾರಕ್ಕೊಮ್ಮೆ ಧೂಳು ಹೊಡೆಯುವ ಹೊಣೆ ಜವಾನರದ್ದಾಗಿರುತ್ತದೆ.

೪. ಒಂದೇ ಇ-ಸಿಮ್ ಚಿಪ್ಪಿನಲ್ಲಿ ಹಲವು ಸಂಖ್ಯೆಗಳು ಒಟ್ಟಿಗೆ ಬಾಳಬಹುದಾಗಿದೆ. ಪರಿಶೀಲನೆಯಲ್ಲಿ ಸದರಿ ಫೋನು ಪತ್ನಿಯವರದೆಂದೂ, ಅವರ ಹೊಲಿಗೆ ಅಂಗಡಿಯ ಸಂಖ್ಯೆಯು ಅದರಲ್ಲೇ ಇಲಾಖೆಯ ಸಂಖ್ಯೆಯ ಪಕ್ಕ ವಾಸವಾಗಿದೆಯೆಂದೂ ತಿಳಿದಿದೆ. ಆದಕಾರಣ ಪತ್ನಿಯವರನ್ನೂ ಉಗ್ರಾಣದ ಲೆಕ್ಕಕ್ಕೆ ತೆಗೆದುಕೊಳ್ಳಲು ಸೂಚಿಸಲಾಗಿದೆ. ಅವರ ಹೇಳಿಕೆ: "ನಾನೇನು ಹಳೇ ಫ್ಯಾನಾ, ಗೋಡೆಗೆ ಒರಗಿಸಿಡೋಕೆ? ಬಸ್ಸಿಗೆ ಹೊತ್ತಾಯ್ತು. ನೀವು ಸಹಿ ಹಾಕ್ತೀರೋ, ನಾನೇ ಒಳಗೆ ಬರ್ಲೋ?" ಇದರ ಕೊನೆಯ ಭಾಗವನ್ನು ಪ್ರವೇಶ ಪತ್ರಕ್ಕಾಗಿ ಸಲ್ಲಿಸಿದ ಅರ್ಜಿಯೆಂದು ಪರಿಗಣಿಸಿ ಮುಂದಿನ ವಾರಕ್ಕೆ ಇಡಲಾಗಿದೆ.

೫. ಪರ್ಯಾಯವಾಗಿ, ಸಂಖ್ಯೆಯನ್ನು ಬೇರೊಂದು ಫೋನಿಗೆ ಸಾಗಿಸಲು ಕಂಪನಿಯು ಹೊಸ ಕ್ಯೂಆರ್ ಕೋಡ್ ಒಂದನ್ನು ಕಾಗದದ ಮೇಲೆ ಮುದ್ರಿಸಿ ನೀಡಿತ್ತು. ಈ ಚೌಕಳಿ ಚಿತ್ರವನ್ನು ಮೊದಲು ಯಾವ ಫೋನು ನೋಡುವುದೋ ಸಂಖ್ಯೆ ಆ ಫೋನಿಗೆ ಸೇರುತ್ತದೆ. ಎರಡನೆಯವರಿಗೆ ಬರೀ ಚಿತ್ರ. ಇಷ್ಟು ಬೆಲೆಬಾಳುವ ಕಾಗದವು ದುರ್ಬಳಕೆಯಾಗದಂತೆ ಅದರ ನಟ್ಟನಡುವೆ ಇಲಾಖೆಯ ಗುಂಡು ಮೊಹರನ್ನು ಒತ್ತಿ, ನಾಲ್ಕೂ ಮೂಲೆಗಳಲ್ಲಿ ಚಿಕ್ಕ ಸಹಿ ಹಾಕಿ, "ನೋಡಿದೆ" ಎಂದು ಅಡ್ಡಲಾಗಿ ಷರಾ ಬರೆಯಲಾಗಿದೆ. ಈಗ ಯಾವ ಫೋನೂ ಅದನ್ನು ಓದುತ್ತಿಲ್ಲ. ಮೊಹರು ಮಾತ್ರ ಎಂದಿಗಿಂತ ಸ್ಪಷ್ಟವಾಗಿ ಮೂಡಿರುವುದು ಶ್ಲಾಘನೀಯ.

೬. ಫೋನಿನ ಸೆಟ್ಟಿಂಗ್ಸ್‌ನಲ್ಲಿ "ಅಳಿಸು" ಎಂಬ ಗುಂಡಿ ಇರುವುದು ಗಮನಕ್ಕೆ ಬಂದಿದೆ. ಅದನ್ನು ಒತ್ತಿದಲ್ಲಿ ಸಂಖ್ಯೆಯು ಆ ಫೋನನ್ನು ಬಿಟ್ಟು ಹೋಗುತ್ತದೆಯೇ ಹೊರತು ಕಂಪನಿಯಲ್ಲಿ ರದ್ದಾಗುವುದಿಲ್ಲ. ಎಲ್ಲಿಯೂ ಇಲ್ಲದೆಯೂ ಇರುವ ಈ ಸ್ಥಿತಿಯು ಕೆಲವು ಹಿರಿಯ ಅಧಿಕಾರಿಗಳಿಗೆ ಮಾತ್ರ ಅನುಮತಿಸಲ್ಪಟ್ಟಿದ್ದು, ಸಿಮ್ಮಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಗುಜರಿ ಸಮಿತಿಯ ಸಮಕ್ಷಮದಲ್ಲಿ ಅಳಿಸುವುದಕ್ಕೆ ಮೊದಲೂ ನಂತರವೂ ಫೋನನ್ನು ತಕ್ಕಡಿಯಲ್ಲಿಟ್ಟು, ಸಿಮ್ಮಿನ ತೂಕವನ್ನು ಕಂಡುಹಿಡಿದ ಬಳಿಕವಷ್ಟೇ ಅನುಮತಿ ನೀಡಲಾಗುವುದು. ಸಮಿತಿಯ ಸದಸ್ಯರು ರಜೆಯಲ್ಲಿರುತ್ತಾರೆ.

೭. ಇಲಾಖೆಯ ಕರೆಗಳನ್ನು ಇಲಾಖೆಯ ಸಂಖ್ಯೆಯಿಂದಲೇ ಮಾಡತಕ್ಕದ್ದು. ಖಾಸಗಿ ಫೋನಿನಿಂದ ಕಚೇರಿಯ ಮಾತನಾಡುವುದನ್ನು, ಎಂಥ ತುರ್ತಿನಲ್ಲಿಯೂ, ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ.

ತಿದ್ದುಪಡಿ:

ಈ ಸುತ್ತೋಲೆಯ ಏಳನೆಯ ಕಲಮು ಬೆರಳಚ್ಚಾಗುತ್ತಿದ್ದ ವೇಳೆಗೆ ಪತ್ನಿಯವರು ಪ್ರವೇಶ ಪತ್ರವಿಲ್ಲದೆ ಉಗ್ರಾಣವನ್ನು ಪ್ರವೇಶಿಸಿರುತ್ತಾರೆ. "ಸ್ವಲ್ಪ ಸರೀರಿ ಅಣ್ಣಾ" ಎಂದು ಉಗ್ರಾಣ ಪಾಲಕರನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲಿದ್ದ ತಮ್ಮ ಫೋನನ್ನು ಎತ್ತಿಕೊಂಡು, ಇಲಾಖೆಯ ಸಂಖ್ಯೆಯನ್ನು ಹುಡುಕಿ "ಅಳಿಸು" ಗುಂಡಿಯನ್ನು ಒತ್ತಿರುತ್ತಾರೆ. ನಿಮಗೆ ಖಾತ್ರಿಯೇ ಎಂದು ಫೋನು ಪ್ರಶ್ನಿಸಿದಾಗ "ಹೂಂ ಕಣಪ್ಪಾ, ಖಾತ್ರಿನೇ" ಎಂದು ಅದಕ್ಕೆ ಉತ್ತರಿಸಿರುತ್ತಾರೆ. ಅನಂತರ ಫೋನನ್ನು ಪಾಲಕರ ಮುಂದೆ ಹಿಡಿದು "ನೋಡ್ಕೊಳ್ಳಿ, ನಿಮ್ಮದೇನಾದ್ರೂ ಇದರಲ್ಲಿ ಉಳಿದಿದ್ಯಾ?" ಎಂದು ಕೇಳಿರುತ್ತಾರೆ.

ಪಾಲಕರು ಕನ್ನಡಕ ಧರಿಸಿ ಕೂಲಂಕಷವಾಗಿ ಪರಿಶೀಲಿಸಿ, "ಇಲ್ಲಮ್ಮಾ, ಏನೂ ಉಳಿದಿಲ್ಲ" ಎಂದು ನುಡಿದು, ಸೇವೆಯುದ್ದಕ್ಕೂ ಆ ಮಾತಿನ ಹಿಂದೆಯೇ ಸಹಿ ಹಾಕಿ ರೂಢಿಯಾಗಿರುವುದರಿಂದ ಬೇಬಾಕಿ ಪತ್ರಕ್ಕೆ ಸಹಿ ಹಾಕಿರುತ್ತಾರೆ. ಚಾಲಕರು ಎಲ್ಲರಿಗೂ ಕೈಮುಗಿದು, ಟ್ರಂಕನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಿರುತ್ತಾರೆ.

ಅವರನ್ನು ಹಿಂದಕ್ಕೆ ಕರೆಸಲು ತೀರ್ಮಾನಿಸಲಾಯಿತು. ಆದರೆ ಯಾವ ಸಂಖ್ಯೆಯಿಂದ ಕರೆ ಮಾಡಬೇಕೋ ಆ ಇಲಾಖಾ ಸಂಖ್ಯೆಯೇ ಅಳಿಸಿಹೋಗಿದೆ; ಅದನ್ನು ಮರಳಿ ತರಬೇಕಾದ ಕೋಡು ಗುಂಡು ಮೊಹರಿನ ಅಡಿಯಲ್ಲಿದೆ; ಖಾಸಗಿ ಫೋನುಗಳಿಗೆ ಏಳನೆಯ ಕಲಮು ಅಡ್ಡ ಬರುತ್ತದೆ. ಹಿಂದೆ ಓಡಿಹೋಗಬಹುದೆಂದು ಜವಾನರು ಸಲಹೆ ನೀಡಿದ್ದು, ಜೀಪು ತೆಗೆಯಲು ಚಾಲಕರಿಲ್ಲ.

ಆದ್ದರಿಂದ ಸದರಿ ಚಾಲಕರನ್ನು, ಬೇರೆ ದಾರಿ ಕಾಣದೆ, ನಿವೃತ್ತರೆಂದು ಈ ಮೂಲಕ ಘೋಷಿಸಲಾಗಿದೆ. ಅವರು ಹೊರಟ ಮೇಲೆ ಇಲಾಖೆಗೆ ಒಂದೂ ದೂರು ಬಂದಿಲ್ಲವೆಂಬುದನ್ನು ವಾರ್ಷಿಕ ಸಾಧನೆಗಳಲ್ಲಿ ಸೇರಿಸತಕ್ಕದ್ದು.

ಸಹಿ/-
(ಗುಂಡು ಮೊಹರಿನ ಅಡಿಯಲ್ಲಿದೆ)
ಅಧೀಕ್ಷಕರು, ಉಗ್ರಾಣ ವಿಭಾಗ

ಪ್ರತಿಗಳು:
೧. ಉಗ್ರಾಣ ಪಾಲಕರಿಗೆ, ಪಿನ್ನನ್ನು ಹಿಂದಿರುಗಿಸಲು.
೨. ಗುಜರಿ ಸಮಿತಿಯ ಸದಸ್ಯರಿಗೆ, ರಜೆ ಮುಗಿದ ಮೇಲೆ ಆಶ್ಚರ್ಯಪಡಲು.
೩. ಕಂಪನಿಯ ಪ್ರತಿನಿಧಿಗೆ, ಚಹಾದಂಗಡಿಯ ವಿಳಾಸಕ್ಕೆ.
೪. ಕಾರಿಡಾರಿನ ಬೆಂಚಿಗೆ, ತೆರವಾಗಿರುವ ಬಗ್ಗೆ.
೫. ಸಂಜೆಯ ಬಸ್ಸಿನ ಚಾಲಕರಿಗೆ: ಕಿಟಕಿ ಪಕ್ಕದ ಪ್ರಯಾಣಿಕರು ಗೇರು ಹಾಕುವ ಬಗ್ಗೆ ಏನಾದರೂ ಸಲಹೆ ನೀಡಿದಲ್ಲಿ, ಅದು ಅವರ ಸ್ವಂತ ಅಭಿಪ್ರಾಯವೇ ಹೊರತು ಇಲಾಖೆಯದ್ದಲ್ಲವೆಂಬ ಮಾಹಿತಿಗಾಗಿ.